ಬಸವನಗುಡಿಯ ಕಡಲೆಕಾಯಿ ಪರಿಷೆ: ಕೊಳ್ಳಲು ಹೋಗುವವರಿಗಾಗಿ ಒಂದು ವಿಮರ್ಶೆ

ಚಳಿ ಶುರುವಾಗುತ್ತಿದ್ದಂತೆ ಬೆಂಗಳೂರಿನಲ್ಲಿ ಆಹಾರ ಮೇಳಗಳ ಸುಗ್ಗಿಯೂ ಶುರುವಾಗುತ್ತದೆ. ಮೈದಾನಗಳಲ್ಲಿ, ಮಾಲ್‌ಗಳ ಅಂಗಳದಲ್ಲಿ, ಕಲ್ಯಾಣ ಮಂಟಪಗಳಲ್ಲಿ ನಡೆಯುವ ಈ ಮೇಳಗಳಲ್ಲಿ ಬಹಳಷ್ಟರ ಸ್ವರೂಪ ಒಂದೇ: ಬಾಗಿಲಲ್ಲಿ ಟಿಕೆಟ್, ಒಳಗೆ ಸಾಲು ಮಳಿಗೆ, ಬೇರೆ ಬೇರೆ ಊರುಗಳ ಹೆಸರು ಹೊತ್ತ ತಿನಿಸು, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಸಾಲೆಯ ರುಚಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಇವುಗಳಿಂದ ದೂರ ನಿಲ್ಲುತ್ತದೆ, ಏಕೆಂದರೆ ಅದು ಒಂದೇ ಒಂದು ಬೆಳೆಯ ಸುತ್ತ ಬೆಳೆದ ಜಾತ್ರೆ. ಅಲ್ಲಿಗೆ ಕಡಲೆಕಾಯಿಗಾಗಿಯೇ ಹೋಗುವವರಿಗೆ ನಗರದ ಬೇರಾವ ಮಾರುಕಟ್ಟೆಯೂ ಕೊಡಲಾರದ ಆಯ್ಕೆ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗದ್ದಲ ನೋಡಲು ಮಾತ್ರ ಹೋಗುವವರು ದಣಿದು ಹಿಂತಿರುಗುವ ಸಂಭವವೇ ಹೆಚ್ಚು.

ಪರಿಷೆಯ ಮುಖ್ಯ ದಿನ ಕಾರ್ತಿಕ ಮಾಸದ ಕೊನೆಯ ಸೋಮವಾರ. ಸ್ಥಳ, ದೊಡ್ಡ ಬಸವನ ಗುಡಿ ಮತ್ತು ದೊಡ್ಡ ಗಣಪತಿ ದೇವಸ್ಥಾನಗಳ ಮುಂದಿನ ಬುಲ್ ಟೆಂಪಲ್ ರಸ್ತೆ ಹಾಗೂ ಅದರ ಅಕ್ಕಪಕ್ಕದ ಬೀದಿಗಳು. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿಯನ್ನು ಕಿತ್ತು, ಬಿಡಿಸಿ, ಒಣಗಿಸುವ ಕೆಲಸ ಮುಗಿಯುವ ಹೊತ್ತಿಗೇ ಕಾರ್ತಿಕ ಬರುವುದರಿಂದ ಈ ತಿಥಿ ಬೆಳೆಯ ಲೆಕ್ಕಕ್ಕೂ ಸರಿಯಾಗಿ ಹೊಂದುತ್ತದೆ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿಗಳು ಇನ್ನೂ ಹಳ್ಳಿಗಳಾಗಿದ್ದ ಕಾಲದಲ್ಲಿ ಬಸವನೊಂದು ರಾತ್ರಿ ಹೊತ್ತು ಬಂದು ಕಡಲೆಕಾಯಿ ಬೆಳೆಯನ್ನು ಮೇಯುತ್ತಿತ್ತು, ರೈತರು ಕಾದು ಕುಳಿತು ಅಟ್ಟಿಸಿಕೊಂಡು ಹೋದಾಗ ಅದು ಕಲ್ಲಾಗಿ ಕುಳಿತಿತು, ಆ ಬಳಿಕ ಪ್ರತಿ ವರ್ಷ ಮೊದಲ ಬೆಳೆಯನ್ನು ಅದಕ್ಕೆ ಅರ್ಪಿಸುವ ಹರಕೆ ಹೊತ್ತರು ಎಂಬ ಕಥೆಯನ್ನು ಈ ಭಾಗದ ಮನೆಮನೆಯಲ್ಲೂ ಹೇಳುತ್ತಾರೆ. ಗುಡಿಯನ್ನು ಕಟ್ಟಿಸಿದವನು ಕೆಂಪೇಗೌಡ ಎಂಬುದು ಪರಂಪರೆಯ ನಂಬಿಕೆ. ಬಸವನಗುಡಿ ಬಡಾವಣೆಯೇ ರೂಪುಗೊಂಡದ್ದು 19ನೇ ಶತಮಾನದ ಕೊನೆಯಲ್ಲಿ, 1898ರ ಪ್ಲೇಗಿನ ಆಸುಪಾಸಿನಲ್ಲಿ. ಹೊಲಗಳು ಹೋಗಿ ಮನೆಗಳು ಬಂದ ಮೇಲೂ ಬೆಳೆ ಮಾತ್ರ ವರ್ಷಕ್ಕೊಮ್ಮೆ ಅದೇ ಗುಡಿಯ ಮುಂದೆ ರಾಶಿಯಾಗಿ ಬೀಳುತ್ತಿದೆ ಎಂಬುದೇ ನನಗೆ ಈ ಪರಿಷೆಯ ಬಗ್ಗೆ ಎಲ್ಲಕ್ಕಿಂತ ದೊಡ್ಡ ಗೌರವ ಹುಟ್ಟಿಸುವ ಸಂಗತಿ.

ಇನ್ನು ಕಡಲೆಕಾಯಿಯ ವಿಷಯ. ರಸ್ತೆಯ ಎರಡೂ ಬದಿಯಲ್ಲಿ ಗೋಣಿತಾಟು, ಟಾರ್ಪಾಲುಗಳ ಮೇಲೆ ಸುರಿದ ರಾಶಿಗಳು ದೂರದಿಂದ ಒಂದೇ ರೀತಿ ಕಂಡರೂ ಹತ್ತಿರ ಹೋಗಿ ಕೈಯಲ್ಲಿ ಹಿಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಎರಡೇ ಬೀಜದ, ನಡು ಸಣ್ಣಗಿರುವ, ತೆಳು ಸಿಪ್ಪೆಯ ಚಿಕ್ಕ ಕಾಯಿ ಒಂದು ಬಗೆ. ಇದರ ಬೀಜದ ಹೊಟ್ಟು ನಸುಗೆಂಪು, ಎಣ್ಣೆಯ ಅಂಶ ಚೆನ್ನಾಗಿರುತ್ತದೆ, ಹುರಿದರೆ ಘಮ ಹೆಚ್ಚು. ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಹೊರಬಂದು ಇಂದಿಗೂ ಕರ್ನಾಟಕದ ಮಳೆಯಾಶ್ರಿತ ಹೊಲಗಳನ್ನು ಬಿಟ್ಟುಹೋಗದ ಟಿಎಂವಿ-2 ಈ ಗುಂಪಿಗೆ ಸೇರಿದ ತಳಿ. ಮೂರು, ಕೆಲವೊಮ್ಮೆ ನಾಲ್ಕು ಬೀಜಗಳಿರುವ ಉದ್ದ ಕಾಯಿ ಇನ್ನೊಂದು ಬಗೆ. ಇದರ ಬೀಜದ ಹೊಟ್ಟು ಸಾಮಾನ್ಯವಾಗಿ ಕಡುಗೆಂಪು, ರುಚಿಯಲ್ಲಿ ಸಿಹಿ ಮುಂದು, ಬೇಯಿಸಿ ತಿನ್ನಲು ಇದಕ್ಕಿಂತ ಒಳ್ಳೆಯದಿಲ್ಲ. ನೋಡಲು ದಪ್ಪಗೆ, ದೊಡ್ಡದಾಗಿ ಮನಸೆಳೆಯುವ ಮೂರನೆಯ ಬಗೆಯ ಕಾಯಿಯೂ ಬರುತ್ತದೆ. ಅದರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಸಿಪ್ಪೆ ದೊಡ್ಡದಿದ್ದ ಮಾತ್ರಕ್ಕೆ ಒಳಗಿನ ಬೀಜವೂ ದೊಡ್ಡದಿರುತ್ತದೆ ಎಂದು ಹೇಳಲಾಗದು.

ಈ ಎಚ್ಚರಕ್ಕೆ ಕಾರಣ ಪರಿಷೆಯ ಅಳತೆಯ ಪದ್ಧತಿ. ಇಲ್ಲಿ ಇಂದಿಗೂ ಬಹಳ ಮಂದಿ ಮಾರುವುದು ಸೇರು, ಲೀಟರುಗಳ ಲೆಕ್ಕದಲ್ಲಿ, ಅಂದರೆ ತೂಕದಿಂದ ಅಲ್ಲದೆ ಗಾತ್ರದಿಂದ. ಗಾತ್ರದ ಅಳತೆಯಲ್ಲಿ ಜೊಳ್ಳು ಕಾಯಿಯೂ ಗಟ್ಟಿ ಕಾಯಿಯಷ್ಟೇ ಜಾಗ ಹಿಡಿಯುತ್ತದೆ, ಅದಕ್ಕೆ ಕೊಡುವ ಹಣವೂ ಅಷ್ಟೇ. ಚೆನ್ನಾಗಿ ಬಲಿತು ಒಣಗಿದ ಕಾಯಿಯಲ್ಲಿ ತೂಕದ ಸುಮಾರು ಶೇ 70ರಷ್ಟು ಬೀಜ ಸಿಗಬೇಕು. ಅರ್ಧ ಬಲಿತ ಕಾಯಿಯಲ್ಲಿ ಇದು ತೀರ ಕಡಿಮೆಯಾಗುತ್ತದೆ. ಆದ್ದರಿಂದ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ಕಿವಿಯ ಬಳಿ ಅಲುಗಾಡಿಸಿ ನೋಡುವುದು, ಒಂದೆರಡನ್ನು ಒಡೆದು ಸಿಪ್ಪೆಯ ಒಳಮೈ ನೋಡುವುದು ಒಳ್ಳೆಯದು. ಒಳಮೈ ಬಿಳಿಯಾಗಿದ್ದರೆ ಕಾಯಿ ಇನ್ನೂ ಎಳೆಯದು, ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತದ್ದು. ಹಸಿ ಕಾಯಿಗೂ ಒಣಗಿದ ಕಾಯಿಗೂ ಒಂದೇ ದರ ಹೇಳಿದಾಗ ಹಸಿ ಕಾಯಿಯ ತೂಕದಲ್ಲಿ ದೊಡ್ಡ ಪಾಲು ನೀರೇ ಇರುತ್ತದೆ ಎಂಬುದನ್ನೂ ನೆನಪಿಡಬೇಕು. ರುಚಿ ನೋಡಲು ಕೇಳಿದರೆ ಇಲ್ಲ ಎನ್ನುವ ವ್ಯಾಪಾರಿಯನ್ನು ಪರಿಷೆಯಲ್ಲಿ ನಾನು ಕಂಡದ್ದು ಕಡಿಮೆ. ಬಹುತೇಕರು ತಾವೇ ಒಂದು ಹಿಡಿ ಎತ್ತಿ ಕೈಗೆ ಹಾಕುತ್ತಾರೆ, "ತಿಂದು ನೋಡಿ, ಆಮೇಲೆ ತಗೊಳ್ಳಿ" ಎನ್ನುತ್ತಾರೆ. ಕೊಳ್ಳುವ ಮೊದಲು ತಿಂದು ನೋಡುವ ಈ ಹಕ್ಕು ಪೊಟ್ಟಣದ ಅಂಗಡಿಗಳಲ್ಲಿ ಎಂದೋ ಕಳೆದುಹೋಗಿದೆ. ಪರಿಷೆಗೆ ಹೋಗಲು ಇದೊಂದೇ ಕಾರಣ ಸಾಕು ಎಂದು ನಾನು ಒತ್ತಿ ಹೇಳುತ್ತೇನೆ.

ಒಂದು ಮಳಿಗೆಯಲ್ಲಿ ಮೇಲೆ ಹೊಸ ಕಾಯಿಯನ್ನು ಹರಡಿ ಕೆಳಗಿನಿಂದ ಹಳೆಯದನ್ನು ತುಂಬಿಕೊಟ್ಟದ್ದು ಮನೆಗೆ ಬಂದ ಮೇಲೆ ತಿಳಿಯಿತು. ಬೀಜ ಸುಕ್ಕುಗಟ್ಟಿ, ಕೆಲವು ಕಪ್ಪಾಗಿ, ಬಾಯಿಗೆ ಕಹಿಯಾಗಿತ್ತು. ಇದು ಬರಿಯ ರುಚಿಯ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಸರಿಯಾಗಿ ಒಣಗದ ಕಡಲೆಕಾಯಿಯಲ್ಲಿ ಬೆಳೆಯುವ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತದೆ, ಮತ್ತು ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಉಗುಳಿಬಿಡಬೇಕೇ ಹೊರತು ಬೆಲ್ಲದ ಜೊತೆ ಸೇರಿಸಿ ನುಂಗಬಾರದು. ಕೊಳ್ಳುವಾಗ ರಾಶಿಯ ಬುಡದಿಂದ ಒಂದು ಹಿಡಿ ತೆಗೆಸಿ ನೋಡುವುದರಲ್ಲಿ ಸಂಕೋಚವೇನೂ ಬೇಡ.

ಹುರಿದದ್ದು ಮತ್ತು ಬೇಯಿಸಿದ್ದರ ನಡುವೆ ಆರಿಸಿಕೊಳ್ಳಬೇಕಾಗಿ ಬಂದರೆ ನಾನು ಪರಿಷೆಯಲ್ಲಿ ಬೇಯಿಸಿದ್ದನ್ನೇ ಆರಿಸುತ್ತೇನೆ. ದೊಡ್ಡ ಬಾಣಲೆಯಲ್ಲಿ ಮರಳಿನೊಂದಿಗೆ ಹುರಿದ ಬಿಸಿ ಕಾಯಿ ವರ್ಷದ ಯಾವ ತಿಂಗಳಲ್ಲಾದರೂ ತಳ್ಳುಗಾಡಿಯಲ್ಲಿ ದೊರೆಯುತ್ತದೆ. ಹೊಲದಿಂದ ಆಗಷ್ಟೇ ಬಂದ ಹಸಿ ಕಾಯಿಯನ್ನು ಉಪ್ಪುನೀರಿನಲ್ಲಿ ಸಿಪ್ಪೆಸಹಿತ ಬೇಯಿಸಿದ್ದು ಮಾತ್ರ ಈ ಋತುವಿಗೆ ಸೇರಿದ್ದು. ಚೆನ್ನಾಗಿ ಬೆಂದ ಕಾಯಿಯ ಸಿಪ್ಪೆಯನ್ನು ಬೆರಳಲ್ಲಿ ಒತ್ತಿದರೆ ಉಪ್ಪುನೀರು ಜಿನುಗಬೇಕು, ಬೀಜ ಬೆಂದ ಅವರೆಕಾಳಿನಂತೆ ಮೆತ್ತಗಿದ್ದು ನಾಲಗೆಗೆ ಅಂಟದೆ ಕರಗಬೇಕು. ಅವಸರದಲ್ಲಿ ಬೇಯಿಸಿದ್ದು ಹೊರಗೆ ಉಪ್ಪಾಗಿ, ಒಳಗೆ ಹಸಿಯಾಗಿ ಉಳಿಯುತ್ತದೆ. ಜನ ಹೆಚ್ಚಾದ ಸಂಜೆಯ ಹೊತ್ತಿನಲ್ಲಿ ಹೀಗಾಗುವುದು ಸಾಮಾನ್ಯವಾದ್ದರಿಂದ ಒಂದನ್ನು ತಿಂದು ನೋಡಿಯೇ ಕೊಳ್ಳಬೇಕು.

ಉಳಿದ ತಿನಿಸುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆಂಡು ಬತ್ತಾಸು, ಕಡ್ಲೆಪುರಿ, ಕಲ್ಯಾಣಸೇವೆ ಎಲ್ಲ ಜಾತ್ರೆಗಳಲ್ಲಿಯೂ ಇರುವಂತೆ ಇಲ್ಲಿಯೂ ಇವೆ. ಮೆಣಸಿನಕಾಯಿ ಬಜ್ಜಿ, ಜೋಳ, ಬಾಂಬೆ ಮಿಠಾಯಿಗಳೂ ಇವೆ, ಕಬ್ಬಿನ ಹಾಲು ಬಾಯಾರಿಕೆಗೆ ಆಗುತ್ತದೆ. ಕಡಲೆಕಾಯಿಯಿಂದಲೇ ಮಾಡಿದ ಚಿಕ್ಕಿ, ಉಂಡೆ, ಚಟ್ನಿಪುಡಿಗಳ ಮಳಿಗೆಗಳು ಇನ್ನೂ ಹೆಚ್ಚಾಗಿ ಇರಬೇಕಿತ್ತು ಎಂದು ಪ್ರತಿ ಸಲವೂ ಅನಿಸುತ್ತದೆ. ಇದೇ ಭಾಗದ ವಿ.ವಿ. ಪುರದಲ್ಲಿ 2000ದಲ್ಲಿ ಆರಂಭವಾದ ಅವರೆಬೇಳೆ ಮೇಳವು ಒಂದೇ ಕಾಳಿನಿಂದ ದೋಸೆ, ಹೋಳಿಗೆ, ಜಿಲೇಬಿಯವರೆಗೆ ಏನೆಲ್ಲ ಮಾಡಬಹುದೆಂದು ತೋರಿಸಿಕೊಟ್ಟಿದೆ. ಅಲ್ಲಿ ಅಡುಗೆಯವರ ಕೈ ಮುಂದೆ ನಿಂತರೆ, ಪರಿಷೆಯಲ್ಲಿ ಬೆಳೆ ತಾನೇ ಮುಂದೆ ನಿಂತಿದೆ. ಹೊಟ್ಟೆ ತುಂಬ ತಿಂಡಿ ತಿನ್ನುವ ಆಸೆಯಿದ್ದವರು ಜನವರಿಯ ಅವರೆ ಮೇಳಕ್ಕೆ ಕಾಯಬೇಕು, ಚೀಲ ತುಂಬ ಕಾಯಿ ತರುವ ಆಸೆಯಿದ್ದವರು ಪರಿಷೆಗೆ ಬರಬೇಕು.

ಸಮುದಾಯದ ಕಾರ್ಯಕ್ರಮವಾಗಿ ಪರಿಷೆಯ ದೊಡ್ಡ ಗುಣ ಅದರ ತೆರೆದ ಬಾಗಿಲು. ಟಿಕೆಟ್ ಇಲ್ಲ, ಗೇಟಿಲ್ಲ, ಕೈಗೆ ಕಟ್ಟುವ ಪಟ್ಟಿಯಿಲ್ಲ. ದರ್ಶನಕ್ಕೆ ಬಂದ ಅಜ್ಜಿ, ಕಾಲೇಜು ಮುಗಿಸಿ ಬಂದ ಹುಡುಗರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಕೂಲಿ ಕಾರ್ಮಿಕ, ಹಿಂದೆ ಇದೇ ಬೀದಿಯಲ್ಲಿದ್ದು ಈಗ ನಗರದ ಹೊರವಲಯಕ್ಕೆ ಹೋಗಿ ನೆಲೆಸಿದ ಸಂಸಾರಗಳು ಒಂದೇ ರಾಶಿಯ ಮುಂದೆ ಬಗ್ಗಿ ನಿಂತು ಚೌಕಾಸಿ ಮಾಡುತ್ತಾರೆ. ಮಾರುವವರು ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದಷ್ಟೇ ಅಲ್ಲದೆ ತಮಿಳುನಾಡು, ಆಂಧ್ರಗಳಿಂದಲೂ ಬರುವುದರಿಂದ ತಮಿಳು, ತೆಲುಗು ಬೆರೆತ ಕನ್ನಡದಲ್ಲಿ ವ್ಯಾಪಾರ ನಡೆಯುತ್ತದೆ. ರಾತ್ರಿ ರಾಶಿಯ ಪಕ್ಕದಲ್ಲೇ ಹೊದ್ದು ಮಲಗಿ ಬೆಳಗ್ಗೆ ಮತ್ತೆ ಅಳೆಯಲು ಕೂರುವ ಹೆಂಗಸರ ಶ್ರಮವನ್ನು ಕಂಡವರಿಗೆ ಚೌಕಾಸಿಗೆ ಒಂದು ಮಿತಿ ತಾನಾಗಿಯೇ ತಿಳಿಯುತ್ತದೆ.

ನನ್ನ ಮುಖ್ಯ ಆಕ್ಷೇಪ ಕಾಯಿಯ ಊರು ಯಾವುದೆಂದು ಹೇಳುವ ಫಲಕಗಳ ಕೊರತೆ. ಕೇಳಿದರೆ ಮಾತ್ರ ಕಾಯಿ ಎಲ್ಲಿಯದೆಂದು ಗೊತ್ತಾಗುತ್ತದೆ, ಆ ಉತ್ತರವನ್ನೂ ನಂಬಿಕೆಯ ಮೇಲೆಯೇ ಸ್ವೀಕರಿಸಬೇಕು. ತಾನೇ ಬೆಳೆದು ತಂದ ರೈತ ಯಾರು, ಮಂಡಿಯಲ್ಲಿ ಮೂಟೆ ಕೊಂಡು ತಂದು ಮಾರುವವರು ಯಾರು ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ, ಇದರಿಂದ ನಷ್ಟವಾಗುವುದು ರೈತನಿಗೇ. ಪ್ರತಿ ರಾಶಿಯ ಮುಂದೆ ಊರು, ತಳಿ, ಹಸಿಯೋ ಒಣಗಿದ್ದೋ ಎಂಬುದು, ಒಂದು ಕಿಲೋ ದರ, ಇಷ್ಟನ್ನು ಬರೆದ ಸಣ್ಣ ಹಲಗೆಯಿದ್ದರೆ ಪರಿಷೆ ನಿಜವಾದ ಅರ್ಥದಲ್ಲಿ ಬೆಳೆಗಾರರ ಮಾರುಕಟ್ಟೆಯಾಗುತ್ತದೆ. ಕೃಷಿ ವಿಶ್ವವಿದ್ಯಾಲಯವಿರುವ ನಗರದಲ್ಲಿ ಇದು ಕಷ್ಟದ ಕೆಲಸವಲ್ಲ. ಹಾಗೆಯೇ ಪ್ಲಾಸ್ಟಿಕ್ ಆಟಿಕೆ, ಪೀಪಿಗಳ ಮಳಿಗೆಗಳು ರಸ್ತೆಯ ನಡುಭಾಗವನ್ನು ಹಿಡಿದಂತೆಲ್ಲ ಕಡಲೆಕಾಯಿಯವರು ಅಡ್ಡರಸ್ತೆಗಳಿಗೆ ಸರಿಯಬೇಕಾಗುತ್ತದೆ. ಜಾತ್ರೆಗೆ ಆಟಿಕೆ ಬೇಕು, ಮಕ್ಕಳ ಸಂಭ್ರಮವನ್ನು ಕಸಿಯಬೇಕೆಂದು ನಾನು ಹೇಳುವುದಿಲ್ಲ. ಆದರೆ ದೇವಸ್ಥಾನದ ಮುಂದಿನ ಜಾಗದ ಮೇಲೆ ಮೊದಲ ಹಕ್ಕು ಕಾಯಿ ತಂದವರದ್ದೇ ಆಗಿರಬೇಕು. ವಯಸ್ಸಾದವರು ಕ್ಷಣ ಕೂರಲು ಜಾಗ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇಷ್ಟು ಜನ ಸೇರುವ ಕಡೆ ಇನ್ನೂ ಹೆಚ್ಚು ಬೇಕು.

ಹೋಗುವವರಿಗೆ ನನ್ನ ಸಲಹೆ ಇದು. ಮುಖ್ಯ ಸೋಮವಾರದ ಸಂಜೆಯನ್ನು ಬಿಟ್ಟು ಅದರ ಹಿಂದಿನ ಶನಿವಾರ ಅಥವಾ ಭಾನುವಾರ ಬೆಳಗ್ಗೆ ಬೇಗ ಹೋಗಿ. ಆಗ ರಾಶಿಗಳು ಹೊಸದಾಗಿರುತ್ತವೆ, ಮಾರುವವರಿಗೆ ಮಾತನಾಡಲು ಬಿಡುವಿರುತ್ತದೆ. ಸ್ವಂತ ವಾಹನವನ್ನು ಮನೆಯಲ್ಲೇ ಬಿಟ್ಟು ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದು ಗಾಂಧಿ ಬಜಾರಿನ ಮೂಲಕ ನಡೆದು ಹೋಗುವುದು ಸುಲಭ. ಬಟ್ಟೆಯ ಕೈಚೀಲ ಎರಡಿರಲಿ, ಹಸಿ ಕಾಯಿಗೊಂದು, ಒಣ ಕಾಯಿಗೊಂದು. ಹಸಿ ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಬೂಷ್ಟು ಹಿಡಿಯುವುದರಿಂದ ಮನೆಗೆ ತಂದ ಕೂಡಲೇ ತಾರಸಿಯ ಮೇಲೆ ತೆಳುವಾಗಿ ಹರಡಬೇಕು, ಅಲುಗಾಡಿಸಿದರೆ ಬೀಜ ಗಲಗಲ ಸದ್ದು ಮಾಡುವವರೆಗೆ ಬಿಸಿಲಿನಲ್ಲಿ ಒಣಗಿಸಿ ಆಮೇಲೆ ಡಬ್ಬಕ್ಕೆ ತುಂಬಬೇಕು. ಬೇಯಿಸಿದ ಕಾಯಿಯನ್ನು ಅದೇ ದಿನ ತಿಂದು ಮುಗಿಸಬೇಕು, ಮಿಕ್ಕರೆ ನೀರು ಬಸಿದು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿ ತಿನ್ನಬಹುದು.