ಏರೋ ಎಕ್ಟಾರ್ ಅಥವಾ ಪೆಂಟಾಕ್: ನಮ್ಮ ಕರಾವಳಿಗೆ ಯಾವುದು ಸರಿ?

ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ನೆಲದ ಫೋಟೋ ತೆಗೆಯಲು ಬಳಸಿದ ಎರಡು ಲೆನ್ಸು ನನ್ನ ಹತ್ತಿರ ಇವೆ. ಒಂದು ಅಮೆರಿಕದ ಕೊಡಾಕ್ ಏರೋ ಎಕ್ಟಾರ್, 178 ಎಂಎಂ, ಎಫ್ 2.5. ಇನ್ನೊಂದು ಇಂಗ್ಲೆಂಡಿನ ಡಾಲ್‌ಮೇಯರ್ ಪೆಂಟಾಕ್, 8 ಇಂಚು, ಎಫ್ 2.9. ಮೊದಲನೆಯದು ಕೆ-24 ಕ್ಯಾಮೆರಾದ್ದು, ಎರಡನೆಯದು ಬ್ರಿಟಿಷ್ ವಾಯುಪಡೆಯ ಎಫ್-24ರದ್ದು. ಎರಡೂ 5 ಇಂಚು ಚೌಕದ ಚಿತ್ರಕ್ಕೆ ಮಾಡಿದವು. ಹಾಗಾಗಿ 4×5 ಇಂಚಿನ ಫಿಲ್ಮ್ ಶೀಟು ಸಲೀಸಾಗಿ ತುಂಬುತ್ತದೆ. ಎರಡಕ್ಕೂ ಶಟರ್ ಇಲ್ಲ. ಹಿಂಬದಿಯಲ್ಲಿ ಪರದೆ ಶಟರ್ ಇರುವ ಸ್ಪೀಡ್ ಗ್ರಾಫಿಕ್ ಎಂಬ ಹಳೆಯ ಶೀಟ್ ಫಿಲ್ಮ್ ಕ್ಯಾಮೆರಾ ಬೇಕೇ ಬೇಕು. ಲೆನ್ಸ್ ಬೋರ್ಡನ್ನು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದೆ.

ಹಿನ್ನೆಲೆ ಮಸುಕಾಗಬೇಕು ಅಂತಲೇ ಜನ ಏರೋ ಎಕ್ಟಾರ್ ಹುಡುಕುತ್ತಾರೆ. ಆದರೆ ನಾಭಿದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಬರುವ ತೂತಿನ ಅಗಲ ಸಿಗುತ್ತದೆ: 178ನ್ನು 2.5ರಿಂದ ಭಾಗಿಸಿದರೆ 71 ಎಂಎಂ, 8 ಇಂಚು ಅಂದರೆ 203ನ್ನು 2.9ರಿಂದ ಭಾಗಿಸಿದರೆ 70 ಎಂಎಂ. ತೂತು ಹೆಚ್ಚುಕಡಿಮೆ ಒಂದೇ ಅಲ್ವಾ? ಮುಖವನ್ನು ಅಷ್ಟೇ ದೊಡ್ಡದಾಗಿ ತುಂಬಿಸಿಕೊಂಡರೆ ದೂರದ ಹಿನ್ನೆಲೆ ಎರಡರಲ್ಲೂ ಅಷ್ಟೇ ಕರಗುತ್ತದೆ. ಆ ಒಂದು ಕಾರಣಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ವ್ಯತ್ಯಾಸ ಕಾಣುವುದು ಬೆಳಕಿನಲ್ಲಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಸೂರ್ಯನಿಗೆ ಬೆನ್ನು ಕೊಟ್ಟು ನಿಂತವರ ಫೋಟೋ ತೆಗೆದೆ. ನನ್ನ ಪೆಂಟಾಕ್‌ಗೆ ಗಾಜಿನ ಪ್ರತಿಫಲನ ತಡೆಯುವ ಕೋಟಿಂಗ್ ಇಲ್ಲ, ನೆರಳೆಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಕೋಟಿಂಗ್ ಇರುವ ಏರೋ ಎಕ್ಟಾರ್ ಕಪ್ಪನ್ನು ಕಪ್ಪಾಗಿಯೇ ಉಳಿಸಿತು. ಶಿರಸಿಯ ಅಡಿಕೆ ತೋಟದಲ್ಲಿ ಕತೆ ಬೇರೆ. ಸೋಗೆಯ ಸಂದಿಯಿಂದ ಬೀಳುವ ಬೆಳಕಿನ ಚುಕ್ಕಿಗಳು ಏರೋ ಎಕ್ಟಾರ್‌ನಲ್ಲಿ ಅಂಚಿಗೆ ಹೋದಂತೆ ನಿಂಬೆ ಹೋಳಿನ ಹಾಗೆ ಚಪ್ಪಟೆಯಾಗಿ ಗಿರಕಿ ಹೊಡೆಯುತ್ತವೆ. ಪೆಂಟಾಕ್ ಅವನ್ನು ಮೆತ್ತಗೆ ಹರಡುತ್ತದೆ, ಮುಖದ ಮೇಲೇ ಕಣ್ಣು ನಿಲ್ಲುತ್ತದೆ. ತೋಟದ ಚಿತ್ರಗಳಲ್ಲಿ ನನಗೆ ಪ್ರೀತಿ ಪೆಂಟಾಕ್‌ನವೇ.

ಏರೋ ಎಕ್ಟಾರ್‌ನ ಗಾಜಿನಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ. ಆ ವಿಕಿರಣದಿಂದಲೇ ವರ್ಷ ಕಳೆದಂತೆ ಗಾಜು ಚಹಾದ ಬಣ್ಣಕ್ಕೆ ಬರುತ್ತದೆ. ನಾನು ಬಳಸುವುದು ಹಸಿರಿಗೆ ಸ್ಪಂದಿಸುವ ಎಕ್ಸ್‌ರೇ ಫಿಲ್ಮ್. 8×10 ಹಾಳೆಯನ್ನು ಕೆಂಪು ದೀಪದಲ್ಲಿ ನಾಲ್ಕು ತುಂಡು ಮಾಡಿದರೆ ಕೆಲಸ ಅಗ್ಗದಲ್ಲಿ ಆಗುತ್ತದೆ. ಈ ಫಿಲ್ಮಿಗೆ ನೀಲಿ, ಹಸಿರು ಬೇಕು. ಕೆಂಪು ಕಾಣುವುದೇ ಇಲ್ಲ. ಚಿರೆಕಲ್ಲಿನ ಗೋಡೆ ಕಪ್ಪಗೆ ಬರುತ್ತದೆ. ಹಳದಿ ಲೆನ್ಸು ನೀಲಿಯನ್ನೇ ತಡೆಯುವುದರಿಂದ ಬಣ್ಣದ ಫಿಲ್ಮಿಗಿಂತ ಇಲ್ಲಿ ಎಕ್ಸ್‌ಪೋಷರ್ ಜಾಸ್ತಿ ಕೊಡಬೇಕಾಗುತ್ತದೆ. ಹಳದಿ ತೆಗೆಯಲು ಅತಿನೇರಳೆ ಬೆಳಕು ಸಾಕು. ಬೇಸಿಗೆಯಲ್ಲಿ ದಿನಾ ಬಿಸಿಲಿಗಿಡಿ. ಆದರೆ ಪಕ್ಕದಲ್ಲಿ ಕಾಗದ, ಬಟ್ಟೆ ಇರಬಾರದು, ಲೆನ್ಸು ಬಿಸಿಲನ್ನು ಒಂದೇ ಕಡೆ ಕೂಡಿಸಿ ಬೆಂಕಿ ಹಚ್ಚಬಲ್ಲದು. ಮಳೆಗಾಲದಲ್ಲಾದರೆ ಅತಿನೇರಳೆ ಎಲ್‌ಇಡಿ ದೀಪವೇ ಗತಿ. ಫಿಲ್ಮ್ ಡಬ್ಬಿ ಈ ಲೆನ್ಸಿನ ಹತ್ತಿರ ಇಡಬೇಡಿ, ಗಾಜನ್ನು ಉಜ್ಜಿ ಪುಡಿ ಮಾಡುವ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಪೆಂಟಾಕ್‌ನಲ್ಲಿ ಈ ತಾಪತ್ರಯ ಒಂದೂ ಇಲ್ಲ.

ಕೆ-20 ಅಂತ ಕೈಯಲ್ಲಿ ಹಿಡಿದು ತೆಗೆಯುವ ಪೂರ್ತಿ ಕ್ಯಾಮೆರಾ ಕೂಡ ಸಿಗುತ್ತದೆ. ಹಿರೋಷಿಮಾದ ಅಣಬೆ ಮೋಡವನ್ನು ಬಾಂಬ್ ಹಾಕಿದ ಎನೋಲಾ ಗೇ ವಿಮಾನದಿಂದ ಅದರ ಹಿಂಬದಿ ಗನ್ನರ್ ಜಾರ್ಜ್ ಕ್ಯಾರನ್ ಸೆರೆಹಿಡಿದದ್ದು ಕೆ-20ರಲ್ಲೇ. ಅದಕ್ಕೆ ಬೇಕಾದ ಅಗಲದ ರೋಲ್ ಹೊಂದಿಸುವುದೇ ದೊಡ್ಡ ಕಷ್ಟ, ಫೋಕಸ್ ಬೇರೆ ಅನಂತಕ್ಕೆ ಕಟ್ಟಿಟ್ಟದ್ದು. ಕಪಾಟಿಗೆ ಚೆಂದ, ಕೆಲಸಕ್ಕಲ್ಲ.

ಒಂದೇ ಕೊಳ್ಳುವುದಾದರೆ ಘಟ್ಟದ ಮೇಲಿನವರು ಪೆಂಟಾಕ್ ತೆಗೆದುಕೊಳ್ಳಿ. ಕಡಲಿನ ಬೆಳಕಲ್ಲಿ ಕೆಲಸ ಮಾಡುವವರಿಗೆ ಏರೋ ಎಕ್ಟಾರ್. ಯಾವುದೇ ಆದರೂ ಹಿಂದಿನಿಂದ ಟಾರ್ಚ್ ಬಿಟ್ಟು ನೋಡದೆ ದುಡ್ಡು ಕೊಡಬೇಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ನಮ್ಮ ಜೂನ್ ಬಂದರೆ ಅದಕ್ಕೆ ಹಬ್ಬ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದರ ಬಣ್ಣ ತಿರುಗಿದ ಕೂಡಲೇ ಬಾಣಲೆಯಲ್ಲಿ ಹುರಿದು ಒಣಗಿಸಿ ಮತ್ತೆ ಹಾಕಿ.