ಕೋಶವಿಭಜನೆಯ ಮಾದರಿ ಪೆಟ್ಟಿಗೆ: ಮಣಿಗಳು ಸೊಗಸು, ಕೈಪಿಡಿ ಸಾಲದು

ಒಂಬತ್ತು ವರ್ಷದ ಮಗಳಿಗೆಂದು ತರಿಸಿದ ಈ ಪೆಟ್ಟಿಗೆಯ ಮುಂದೆ ನಾವಿಬ್ಬರೂ ಮೂರು ಸಂಜೆ ಕುಳಿತೆವು. ಎರಡು ಹೋಳಾಗಿ ತೆರೆದುಕೊಳ್ಳುವ ಪಾರದರ್ಶಕ ಗೋಳ, ವರ್ಣತಂತುಗಳಾಗಿ, ಅಂದರೆ ಕೋಶದಲ್ಲಿ ಆನುವಂಶಿಕ ಗುಣಗಳನ್ನು ಹೊತ್ತ ಎಳೆಗಳಾಗಿ, ಬಳಸಲು ರಬ್ಬರಿನ ಆರು ಜೋಡಿ ಎಳೆಗಳು, ನಾಲ್ಕು ಪುಟ್ಟ ಕೊಳವೆಗಳು, ಎರಡು ಬಣ್ಣದ ಕಾಂತೀಯ ಮಣಿಗಳು ಮತ್ತು ಒಂದು ಕೈಪಿಡಿ ಇದರೊಳಗಿವೆ. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿದ್ದರೂ ಮಕ್ಕಳ ಕೈಗೆ ಆರು ಜೋಡಿಯೇ ಸಾಕು. ಈ ಸರಳೀಕರಣಕ್ಕೆ ನನ್ನ ತಕರಾರಿಲ್ಲ.

ಪೆಟ್ಟಿಗೆಯ ಜೀವಾಳವೆಂದರೆ ಮಣಿಗಳು. ವಿಭಜನೆಯ ವೇಳೆ ವರ್ಣತಂತುಗಳನ್ನು ಎರಡು ಬದಿಗೆ ಸರಿಸಲು ನೆರವಾಗುವ, ಕೋಶದೊಳಗಿನ ಸೂಕ್ಷ್ಮನಾಳಿಕೆಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಜೋಡಿ ಘಟಕಗಳಿಂದ ಕಟ್ಟಿದ ಕೊಳವೆಗಳು. ಅವುಗಳ ಅಡ್ಡಗಲ ಸುಮಾರು 25 ನ್ಯಾನೋಮೀಟರ್, ಅಂದರೆ ಒಂದು ಕೂದಲೆಳೆಯ ಅಗಲದಲ್ಲಿ ಇಂಥ ಸಾವಿರಾರು ಕೊಳವೆಗಳನ್ನು ಪಕ್ಕಪಕ್ಕ ಜೋಡಿಸಬಹುದು. ಎರಡು ಬಣ್ಣದ ಮಣಿಗಳನ್ನು ಒಂದಾದ ಮೇಲೊಂದು ಅಂಟಿಸುತ್ತ ಹೋದಾಗ ಎಳೆ ಬೆಳೆಯುವುದೂ, ತುದಿಯಿಂದ ಕಳಚಿದಾಗ ಕುಗ್ಗುವುದೂ ಮಗುವಿನ ಬೆರಳಿಗೇ ತಿಳಿಯುತ್ತದೆ. ನಿಜವಾದ ಕೊಳವೆಯ ಗೋಡೆಯಲ್ಲಿ ಸಾಮಾನ್ಯವಾಗಿ ಇಂಥ 13 ಸಾಲುಗಳಿರುತ್ತವೆ, ಇಲ್ಲಿರುವುದು ಒಂದೇ. ಪ್ರಾಣಿಕೋಶದಲ್ಲಿ ನಾಳಿಕೆಗಳು ಹೊರಡುವ ಜಾಗದಲ್ಲಿ ಜೋಡಿಯಾಗಿರುವ ಸೆಂಟ್ರಿಯೋಲುಗಳನ್ನು ಪ್ರತಿನಿಧಿಸುವ ಪುಟ್ಟ ಕೊಳವೆಗಳ ಮೇಲೆ ಒಂಬತ್ತು ಗೆರೆಗಳನ್ನು ಎಣಿಸಿ ಮೂಡಿಸಿರುವುದನ್ನೂ, ಎರಡನ್ನು ಲಂಬಕೋನದಲ್ಲಿ ಕೂಡಿಸಲು ತೋಡು ಕೊರೆದಿರುವುದನ್ನೂ ನೋಡಿದರೆ ವಿನ್ಯಾಸಕಾರರು ವಿಷಯ ಬಲ್ಲವರೆಂದು ತೋರುತ್ತದೆ.

ಆದರೆ ಕೈಪಿಡಿಯನ್ನು ಬರೆದವರು ಬೇರೆ ಯಾರೋ ಇರಬೇಕು. ಎರಡೂ ತುದಿಯ ಸೆಂಟ್ರಿಯೋಲುಗಳು ಬಾವಿಯಿಂದ ನೀರು ಸೇದುವಂತೆ ಎಳೆಗಳನ್ನು ಹಿಡಿದು ಜಗ್ಗುತ್ತವೆ ಎಂದು ಅದು ಹೇಳುತ್ತದೆ. ವಾಸ್ತವದಲ್ಲಿ ವರ್ಣತಂತುವಿನ ನಡುವಿನ ಕೈನೆಟೊಕೋರ್ ಎಂಬ ಹಿಡಿಕೆ ನಾಳಿಕೆಯ ತುದಿಯನ್ನು ಹಿಡಿದುಕೊಳ್ಳುತ್ತದೆ. ಆ ತುದಿಯಲ್ಲಿಯೇ ಘಟಕಗಳು ಉದುರತೊಡಗಿದಾಗ ಹಿಡಿಕೆಯು ಕುಗ್ಗುತ್ತಿರುವ ತುದಿಯನ್ನು ಬಿಡದೆ ಧ್ರುವದ, ಅಂದರೆ ನಾಳಿಕೆಗಳು ಹೊರಡುವ ತುದಿಯ, ಕಡೆಗೆ ಸರಿಯುತ್ತದೆ. ಬೆಳೆಯುತ್ತಿದ್ದ ನಾಳಿಕೆ ಥಟ್ಟನೆ ಕುಸಿಯುವ ಈ ಗುಣವನ್ನು ವಿಜ್ಞಾನಿಗಳಾದ ಮಿಚಿಸನ್ ಮತ್ತು ಕಿರ್ಷ್ನರ್ 1984ರಲ್ಲಿ ವಿವರಿಸಿದರು. ಇದನ್ನು ತೋರಿಸಲು ಬೇಕಾದ ಮಣಿಗಳನ್ನು ಕೊಟ್ಟೂ ಹಗ್ಗದ ಕತೆ ಹೇಳಿರುವುದು ಬೇಸರದ ಸಂಗತಿ. ನಾವು ಕೈಪಿಡಿಯನ್ನು ಬದಿಗಿಟ್ಟು, ವರ್ಣತಂತುವಿನ ಬದಿಯಿಂದ ಒಂದೊಂದೇ ಮಣಿಯನ್ನು ಕಳಚಿ ರಬ್ಬರಿನ ಎಳೆಯನ್ನು ಸರಿಸಿದೆವು.

"ಅಪ್ಪಾ, ಒಂದು ಕಡೆಗೆ ಎಳೆ ಸಿಗದೇ ಹೋದರೆ?" ಎಂದು ಮಗಳು ಕೇಳಿದಳು. ಈ ಪ್ರಶ್ನೆಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ಪ್ರತಿಯೊಂದು ವರ್ಣತಂತುವೂ ಎರಡೂ ಧ್ರುವಗಳ ನಾಳಿಕೆಗಳಿಗೆ ಸರಿಯಾಗಿ ಸಿಕ್ಕಿಕೊಳ್ಳುವವರೆಗೆ ಕೋಶ ಕಾಯುತ್ತದೆ. ಹಿಡಿತ ಸಿಗದ ಒಂದೇ ಹಿಡಿಕೆ ಉಳಿದಿದ್ದರೂ ಅದು ತಡೆಯ ಸಂಕೇತ ಕಳುಹಿಸುತ್ತಿರುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಮಕ್ಕಳನ್ನು ಅತಿ ಹೆಚ್ಚು ಸೆಳೆಯಬಲ್ಲ ಭಾಗವೇ ಇದು.

ಸೆಂಟ್ರಿಯೋಲ್ ಇಲ್ಲದೆ ವಿಭಜನೆ ಅಸಾಧ್ಯವೆಂಬ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿದ್ದೇನೆ. ಹೂಬಿಡುವ ಗಿಡಗಳ ಕೋಶಗಳಲ್ಲಿ ಅವು ಇರುವುದೇ ಇಲ್ಲ. ಆದರೂ ಅಲ್ಲಿ ಎರಡೂ ತುದಿ ಕಿರಿದಾಗಿ ನಡು ಉಬ್ಬಿದ, ನೂಲುವ ಕದಿರನ್ನು ಹೋಲುವ ಎಳೆಗಳ ರಚನೆ ಏರ್ಪಡುತ್ತದೆ.

ಪೆಟ್ಟಿಗೆಯ ಮೇಲೆ ಐದು ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿರುವುದನ್ನು ನಾನು ಒಪ್ಪುವುದಿಲ್ಲ. ಎರಡು ಕಾಂತಮಣಿಗಳನ್ನು ನುಂಗಿದರೆ ಅವು ಕರುಳಿನ ಗೋಡೆಗಳ ಆಚೀಚೆಯಿಂದ ಪರಸ್ಪರ ಸೆಳೆದುಕೊಂಡು ಕರುಳಿಗೆ ತೂತು ಬೀಳಿಸಬಹುದು. ಒಂಬತ್ತಕ್ಕಿಂತ ಚಿಕ್ಕವರಿರುವ ಮನೆಗೆ ಇದನ್ನು ತರಬೇಡಿ. ತಂದರೂ ಪ್ರತಿ ಸಲ ಮಣಿಗಳನ್ನು ಎಣಿಸಿ ಎತ್ತಿಡಿ.

ಕೊನೆಯ ಹಂತ ಮಾತ್ರ ಪೂರ್ತಿ ಸೋತಿದೆ. ಪ್ರಾಣಿಕೋಶದ ನಡುವೆ ಆ್ಯಕ್ಟಿನ್ ಮತ್ತು ಮಯೋಸಿನ್ ಪ್ರೋಟೀನುಗಳ ಉಂಗುರ ಬಿಗಿದು ಕೋಶವನ್ನು ಇಬ್ಭಾಗ ಮಾಡುವುದನ್ನು ತೋರಿಸಲು ರಬ್ಬರ್ ಬ್ಯಾಂಡ್ ಕೊಟ್ಟಿದ್ದಾರೆ, ಆದರೆ ಗಟ್ಟಿ ಪ್ಲಾಸ್ಟಿಕ್ ಗೋಳ ಅದಕ್ಕೆ ಮಣಿಯುವುದಿಲ್ಲ. ನಾವು ಮೆತ್ತನೆಯ ಜೇಡಿಮಣ್ಣಿನ ಉಂಡೆಗೆ ದಾರ ಸುತ್ತಿ ಬಿಗಿದೆವು. ಉಂಡೆ ನಡುವೆ ಸಣ್ಣಗಾಗುತ್ತ ಹೋಗಿ, ಎರಡಾಗಿ ಬಿತ್ತು.