ಸ್ಟೀಲ್ ಕವಚ ಚಂದ ಉಂಟು, ಬೆಲ್ಟು ಮಾತ್ರ ಬದಲಿಸ್ಲೇಬೇಕು

ಬದಿಯಡ್ಕ ಹತ್ತಿರದ ನಮ್ಮ ಕಲಾಸಂಘದ ನಾಟಕಕ್ಕೆ ಹಿಂದಿನ ಕಾಲದ ಯುರೋಪಿನ ನೈಟ್‌ಗಳು, ಅಂದ್ರೆ ಕುದುರೆ ಸವಾರ ಯೋಧರು, ಹಾಕ್ತಿದ್ದ ಥರದ ಪ್ಲೇಟ್ ಕವಚ ಆನ್‌ಲೈನಲ್ಲಿ ತರಿಸಿದ್ವಿ, ಎದೆ ಬೆನ್ನು ಭುಜ ಕೈ ಕಾಲು ಎಲ್ಲ ಸೇರಿ 18,500 ರೂಪಾಯಿ. ಫ್ರಾನ್ಸಿನ ಸೈನ್ಯದ ಜೊತೆ ಕವಚ ಹಾಕಿ ಯುದ್ಧಕ್ಕೆ ಹೋದ ಹುಡುಗಿ ಜೋನ್ ಆಫ್ ಆರ್ಕಳ ಕಥೆ, ಪಾತ್ರ ಮಾಡುವವಳು ಪ್ಲಸ್ ಟೂ ಹುಡುಗಿ. ಮೂರು ತಿಂಗಳು ರಿಹರ್ಸಲ್, ನಾಲ್ಕು ಪ್ರದರ್ಶನ ಆದ್ಮೇಲೆ ಬರೀತಿದ್ದೇನೆ.

ಸ್ಟೀಲಿನ ಬಗ್ಗೆ ದೂರಿಲ್ಲ. ಅಂಚು ಮಡಚಿದ್ದಾರೆ, ಕೈಗೆ ತಾಗುದಿಲ್ಲ. ರೇಶನ್ ಅಂಗಡಿಯ ತಕ್ಕಡಿಲಿ ತೂಗಿದ್ರೆ 15 ಕಿಲೋ, ಹಿಂದೆ ಯುದ್ಧಕ್ಕೆ ಹಾಕ್ತಿದ್ದದ್ದು ಸುಮಾರು 20ರಿಂದ 25 ಕಿಲೋ ಇರ್ತಿತ್ತು, ಹಾಗಾಗಿ ಹುಡುಗಿಗೆ ಆಗ್ಬಹುದು ಅಂತ ಧೈರ್ಯ ಮಾಡಿದ್ವಿ.

ಆದ್ರೆ ಎರಡನೇ ರಿಹರ್ಸಲಿಗೇ, ಸ್ಟೇಜಿನ ಮೆಟ್ಲು ಹತ್ತುವಾಗ ಅವಳ ಎಡತೊಡೆಯ ಪ್ಲೇಟು ಜಾರಿ ಮೊಣಕಾಲಿನ ಮೇಲೆ ಕೂತು ಕಾಲು ಮಡಚ್ಲಿಕ್ಕೇ ಆಗ್ಲಿಲ್ಲ, ಪುಣ್ಯಕ್ಕೆ ಪಕ್ಕದವ್ರು ಹಿಡ್ಕೊಂಡ್ರು. ಬೆಲ್ಟು ಇನ್ನೂ ಬಿಗಿ ಮಾಡಿ ನೋಡಿದ್ವಿ, ಕಾಲು ಜುಮ್ಮೆಂದದ್ದು ಬಿಟ್ರೆ ಎಂತ ಪ್ರಯೋಜನ ಇಲ್ಲ. ತೊಡೆ ಮೇಲೆ ದಪ್ಪ ಕೆಳಗೆ ಸಪೂರ ಅಲ್ವಾ, ಸುತ್ತ ಎಷ್ಟು ಬಿಗಿದ್ರೂ ನಡೀವಾಗ ಜಾರಿಯೇ ಜಾರ್ತದೆ. ಅದು ಸೊಂಟದಿಂದ ನೇತಾಡ್ಬೇಕು, ತೊಡೆಯ ಹಿಂಬದಿಗೆ ಬರುವ ಬೆಲ್ಟು ಪ್ಲೇಟು ತಿರುಗದ ಹಾಗೆ ಹಿಡಿಲಿಕ್ಕೆ ಮಾತ್ರ. ಆ ಕಾಲದಲ್ಲಿ ಕವಚದ ಅಡಿಗೆ ದಪ್ಪ ಹೊಲಿಗೆಯ ಒಂದು ಅಂಗಿ ಹಾಕಿ, ಅದರ ತೂತುಗಳಿಂದ ದಾರ ತೆಗ್ದು ಕೈಕಾಲಿನ ಪ್ಲೇಟು ಕಟ್ತಿದ್ರು. 15ನೇ ಶತಮಾನದ ಒಂದು ಇಂಗ್ಲಿಷ್ ಹಸ್ತಪ್ರತಿಲಿ ಆ ದಾರ ಹೇಗಿರ್ಬೇಕು ಅಂತ್ಲೂ ಉಂಟು: ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ನೂಲು, ಅದಕ್ಕೆ ಚಪ್ಪಲಿ ಹೊಲಿವವ್ರ ಮೇಣ ಹಚ್ಬೇಕು, ಆಗ ಅದು ಹಿಗ್ಗುದೂ ಇಲ್ಲ ತುಂಡಾಗುದೂ ಇಲ್ಲ.

ನಮ್ಮ ಸೆಟ್ಟಲ್ಲಿ ಸೊಂಟಕ್ಕೆ ಕಟ್ಲಿಕ್ಕೆ ಒಂದು ತೂತು ಕೂಡ ಕೊಟ್ಟಿಲ್ಲ. ಯಕ್ಷಗಾನ ಮೇಳದ ಚೌಕಿಲಿ ವೇಷ ಕಟ್ಟುವ ಒಬ್ಬ ಹಿರಿಯರನ್ನು ಕರ್ಕೊಂಡು ಬಂದ್ವಿ. ಅವ್ರು ಪ್ಲೇಟನ್ನು ಕೈಲಿ ಎತ್ತಿ ನೋಡಿದ್ರು, "ಮಗಾ, ಭಾರ ಸೊಂಟಕ್ಕೆ ಕೊಡು, ಹೆಗಲಿಗೆ ಕೊಟ್ರೆ ಅರ್ಧಗಂಟೆಲಿ ಕುತ್ತಿಗೆ ಹೋಗ್ತದೆ" ಅಂದ್ರು. ಬಟ್ಟೆ ಮಡಚಿ ಸೊಂಟಕ್ಕೆ ನಾಲ್ಕು ಸುತ್ತು ಬಿಗಿದು, ಪ್ಲೇಟಿಗೆ ನಾವು ಕೊರೆಸಿದ ತೂತಿಂದ ಮೇಣ ಹಚ್ಚಿದ ದಾರ ತೆಗ್ದು ಅದಕ್ಕೇ ಕಟ್ಟಿದ್ರು. ಎದೆಕವಚಕ್ಕೂ ಹಾಗೇ, ಮೊದ್ಲು ಸೊಂಟದ ಬೆಲ್ಟು ಹಾಕಿ, ಹುಡುಗಿ ದೊಡ್ಡ ಉಸಿರು ತಕ್ಕೊಂಡ್ಮೇಲೆ ಹೆಗಲಿನ ಬೆಲ್ಟು. ಅವತ್ತಿಂದ ಜಾರಿದ್ದೇ ಇಲ್ಲ.

ಬೆಲ್ಟಿನ ಕ್ವಾಲಿಟಿ ಅಂತೂ ಬೇಸರ ಆಗುವಷ್ಟು ಕಳಪೆ. ತೆಳು ಚರ್ಮಕ್ಕೆ ಮೇಲಿಂದ ಬಣ್ಣದ ಕೋಟಿಂಗ್, ಬಗ್ಗಿಸಿದ್ರೆ ಹೊಪ್ಪಳೆ ಏಳ್ತದೆ. ರಿವೀಟಿಗೆ ಒಳಗಿಂದ ವಾಷರ್ ಇಲ್ಲ, ಹಾಗಾಗಿ ಎಳೆತಕ್ಕೆ ತೂತು ದೊಡ್ಡದಾಗಿ ಚರ್ಮವೇ ಕಳಚಿ ಬರ್ತದೆ, ನಮ್ದು ಐದು ಹಾಗೆ ಹೋಯ್ತು. ಬಕಲಿನ ತೂತು ಬರೀ ಮೂರು. 1429ರಲ್ಲಿ ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಜೋನಳಿಗೆ ಅಂತ್ಲೇ 100 ಲಿವ್ರ್ (ಆಗಿನ ಫ್ರಾನ್ಸಿನ ಹಣ) ಕೊಟ್ಟು ಕವಚ ಮಾಡಿಸಿದ್ರು, ನಮ್ಗೆ ಬಂದದ್ದು ಎಲ್ಲರಿಗೂ ಒಂದೇ ಸೈಜು, ಅಂದ್ಮೇಲೆ ಅಳತೆ ಎಲ್ಲ ಬೆಲ್ಟಲ್ಲೇ ಸರಿ ಆಗ್ಬೇಕಲ್ವಾ?

ಇನ್ನೊಂದು, ಮೊಣಕಾಲಿನ ಕೆಳಗಿನ ಪ್ಲೇಟಿಗೆ ಬಿಜಾಗ್ರಿ ಹೊರಗಡೆ, ಬಕಲು ಒಳಗಡೆ ಬರ್ಬೇಕು. ಇವ್ರು ಕಳಿಸಿದ್ದು ಎರಡೂ ಬಲಗಾಲಿನದ್ದು. ಎಡಗಾಲಿನ ಬಕಲು ಹೊರಗೆ ಬಂದು ಮೊದಲ ಶೋಲಿ ಸೈಡಿನ ಪರದೆಗೆ ಸಿಕ್ಕಿತು. ಮೆಸೇಜ್ ಮಾಡಿದ್ರೆ "ಡೆಕೊರೇಶನ್ ಐಟಂ" ಅಂತ ಉತ್ತರ, ಆನ್‌ಲೈನಲ್ಲಿ ಮಾರ್ಲಿಕ್ಕೆ ಹಾಕುವಾಗ ಮಾತ್ರ "ತೊಡಬಹುದಾದ ಕವಚ" ಅಂತ ಬರೆದದ್ದು. ಇದು ಸರಿಯಲ್ಲ.

ಕಡೆಗೆ ಕಾಸರಗೋಡಿನಲ್ಲಿ ಚಪ್ಪಲಿ ರಿಪೇರಿ ಮಾಡುವವ್ರೊಬ್ರು ದಪ್ಪ ಎಮ್ಮೆ ಚರ್ಮದಲ್ಲಿ 22 ಬೆಲ್ಟು ಹೊಸತು ಮಾಡಿ ಕೊಟ್ರು, ಒಳಗೆ ವಾಷರ್ ಹಾಕಿ ತಾಮ್ರದ ರಿವೀಟು ಬಡಿದು, ಪ್ರತಿಯೊಂದಕ್ಕೂ ಏಳು ತೂತು. 2,600 ಆಯ್ತು, ಒಂದೊಂದು ರೂಪಾಯಿಗೂ ಬೆಲೆ ಉಂಟು.

ಸ್ಟೀಲಿಗೆ ನಾಲ್ಕು ಸ್ಟಾರ್, ಬೆಲ್ಟಿಗೆ ಒಂದು. ತಕ್ಕೊಳ್ಳುವ ಮೊದ್ಲು ಕವಚದ ಒಳಬದಿಯ ಫೋಟೋ ಕೇಳಿ, ಹೊರಗಿನ ಹೊಳಪು ನೋಡಿ ಆರ್ಡರ್ ಮಾಡ್ಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಚರ್ಮಕ್ಕೆ ಒಂದೇ ವಾರದಲ್ಲಿ ಬೂಸರು ಬರ್ತದೆ, ಜೂನಿಗೆ ಮೊದ್ಲು ಬೆಲ್ಟಿಗೆಲ್ಲ ಜೇನುಮೇಣ ತಿಕ್ಕಿ, ಬಕಲು ಬಿಚ್ಚಿ ನೇತುಹಾಕಿ ಇಡಿ.